ಮೊದಲು ಸ ಸಿಗಲಿ: ಕರ್ನಾಟಕ ಸಂಗೀತ ಕಲಿಯಲು ಹೊರಟವರಿಗೆ

ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವವರಲ್ಲಿ ಒಬ್ಬರು ಬ್ಯಾಂಕ್ ಕೆಲಸದಿಂದ ನಿವೃತ್ತರಾದವರು. ಮೊದಲ ದಿನ ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ನಾದ, ಶ್ರುತಿ, ಸ್ವರ, ಸ್ಥಾಯಿ, ಲಯ, ತಾಳ, ರಾಗ ಅಂತ ಸುಮಾರು 40 ಪದ. ಒಂದೊಂದಕ್ಕೂ ಎರಡೆರಡು ಸಾಲಿನ ಅರ್ಥ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ತಂಬೂರಿ ಹಾಕಿ, "ಒಂದ್ಸಲ ಸ ಹಾಡಿ ಸಾರ್" ಅಂದೆ. ಹಾಡಿದರು. ತಂಬೂರಿ ಒಂದು ಕಡೆ, ಅವರ ಸ ಇನ್ನೊಂದು ಕಡೆ. "ಸರಿ ಇತ್ತಾ ಮೇಡಂ?" ಅಂತ ಕೇಳಿದರು. ಸರಿ ಇತ್ತೋ ಇಲ್ಲವೋ ಅನ್ನುವುದು ಅವರ ಕಿವಿಗೆ ಇನ್ನೂ ಗೊತ್ತಾಗುತ್ತಿರಲಿಲ್ಲ.

ಅವತ್ತಿನಿಂದ ಹೊಸಬರಿಗೆ ನಾನು ಪದಗಳನ್ನು ಹೇಳಿಕೊಡುವ ಕ್ರಮವನ್ನೇ ಬದಲಾಯಿಸಿದೆ. ಒಂದು ಪದ, ಅದರ ಜೊತೆಗೇ ಮಾಡಬೇಕಾದ ಒಂದು ಕೆಲಸ. ಆ ಕೆಲಸ ಬಾಯಿಗೋ ಕೈಗೋ ಬಂದ ಮೇಲೆ ಮುಂದಿನ ಪದ. ಇಲ್ಲೂ ಅದೇ ಕ್ರಮದಲ್ಲಿ ಬರೆದಿದ್ದೇನೆ. ಹಾಡುಗಾರಿಕೆ ಕಲಿಯುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದರೂ, ವೀಣೆ, ಪಿಟೀಲು, ಕೊಳಲು ಹಿಡಿದವರಿಗೂ ಪದಗಳು ಇವೇ. ಗುರುಗಳ ಮುಂದೆ ಕೂತು ಕಲಿಯುವುದಕ್ಕೆ ಇದು ಬದಲಿ ಅಲ್ಲ. ಅವರು ಹೇಳಿದ್ದು ಬೇಗ ಅರ್ಥವಾಗಲಿ ಅಂತ ಇದು.

ಮೊದಲನೆಯದು: ನಿಮ್ಮ ಶ್ರುತಿ ಹುಡುಕಿ

ಶ್ರುತಿ ಅಂದರೆ ನೀವು ಹಾಡಲು ನಿಲ್ಲುವ ನೆಲ. ನೆಲದ ಮಟ್ಟ ಗೊತ್ತಾದ ಮೇಲೆ ತಾನೇ ಕಿಟಕಿ ಎಷ್ಟು ಎತ್ತರದಲ್ಲಿರಬೇಕು ಅಂತ ಹೇಳಲು ಆಗುವುದು? ಹಾಗೆಯೇ, ಸ ಎಲ್ಲಿ ಅಂತ ಗೊತ್ತಾದ ಮೇಲೆಯೇ ರಿ, ಗ, ಮ ಎಲ್ಲಿ ಅಂತ ಗೊತ್ತಾಗುತ್ತದೆ. ನಮ್ಮ ಸಂಗೀತದಲ್ಲಿ ಸ ಅನ್ನುವುದಕ್ಕೆ ಎಲ್ಲರಿಗೂ ಒಂದೇ ಎತ್ತರ ಇಲ್ಲ. ನಿಮ್ಮ ದನಿಗೆ ಯಾವುದು ಹಿತವೋ ಅದೇ ನಿಮ್ಮ ಸ.

ಇದನ್ನು ಅಳೆಯುವ ಲೆಕ್ಕಕ್ಕೆ ‘ಮನೆ’ ಅನ್ನುತ್ತಾರೆ. ಹಾರ್ಮೋನಿಯಂನ ಬಿಳಿ ಮನೆಗಳನ್ನು 1ರಿಂದ 7ರ ತನಕ ಎಣಿಸಬೇಕು. ನಡುವಿನ ಕರಿ ಮನೆಗಳು ಅರ್ಧದ ಲೆಕ್ಕ. ಕೀಬೋರ್ಡ್ ಕಲಿತವರು ಸಿ ಅನ್ನುವುದು ನಮಗೆ 1, ಸಿ ಶಾರ್ಪ್ ಒಂದೂವರೆ, ಜಿ ಶಾರ್ಪ್ ಐದೂವರೆ. 3ಕ್ಕೂ 4ಕ್ಕೂ ನಡುವೆ ಕರಿ ಮನೆ ಇಲ್ಲ, ಹಾಗಾಗಿ ಮೂರೂವರೆ ಶ್ರುತಿ ಅಂತ ಯಾರೂ ಹೇಳುವುದಿಲ್ಲ. ಗಂಡಸರಲ್ಲಿ ಜಾಸ್ತಿ ಜನ 1ರಿಂದ ಎರಡೂವರೆ ಒಳಗೆ ಹಾಡುತ್ತಾರೆ. ಹೆಂಗಸರು, ಮಕ್ಕಳು ಸಾಮಾನ್ಯವಾಗಿ ನಾಲ್ಕೂವರೆಯಿಂದ 6ರ ಆಸುಪಾಸು. ಇದು ಅಂದಾಜು ಮಾತ್ರ.

ಹುಡುಕುವುದು ಹೀಗೆ. ತಂಬೂರಿ ಆ್ಯಪ್‌ನಲ್ಲಿ ಗಂಡಸರಾದರೆ ಒಂದೂವರೆ, ಹೆಂಗಸರಾದರೆ ಐದು ಹಾಕಿಕೊಳ್ಳಿ. ಸ ಹಾಡಿ. ಅಲ್ಲಿಂದ ಕೆಳಗಿನ ಪ ತನಕ ಇಳಿಯಿರಿ, ಮೇಲೆ ತಾರದ ಗ, ಅಂದರೆ ಮೇಲಿನ ಸ ದಾಟಿದ ಮೇಲೆ ಬರುವ ಗ ತನಕ ಹತ್ತಿ. ಸ್ವರ ಇನ್ನೂ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಕೆಳಗೆ ದನಿ ಬರೀ ಗಾಳಿಯಾದರೆ ಅರ್ಧ ಮನೆ ಏರಿಸಿ. ಮೇಲೆ ಗಂಟಲು ಬಿಗಿದರೆ ಅರ್ಧ ಮನೆ ಇಳಿಸಿ. ಎರಡೂ ಕಡೆ ದನಿ ಸಲೀಸಾಗಿ ಓಡಾಡುವ ಜಾಗ ಸಿಕ್ಕಿದಾಗ ಅದನ್ನು ಬರೆದಿಟ್ಟುಕೊಳ್ಳಿ. ಆರು ತಿಂಗಳು ಅದನ್ನು ಬದಲಾಯಿಸಬೇಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಚಿಕ್ಕವಳಿದ್ದಾಗ ನಾನು ಹೋಗುತ್ತಿದ್ದ ಪಾಠದಲ್ಲಿ ಇಪ್ಪತ್ತು ಮಕ್ಕಳಿಗೂ ಒಂದೇ ಶ್ರುತಿ, ಆರೂವರೆ. ತಾರದ ಸ ಬಂದಾಗಲೆಲ್ಲ ನನ್ನ ಕುತ್ತಿಗೆಯ ನರ ಉಬ್ಬುತ್ತಿತ್ತು. ಎರಡು ವರ್ಷ ನನ್ನ ದನಿಯೇ ಸರಿ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಸಿಕ್ಕ ಗುರುಗಳು ಮೊದಲ ದಿನವೇ, "ಮಗೂ, ನಿನ್ನ ಜಾಗ ಇದಲ್ಲ ಕಣೇ" ಅಂದು ನಾಲ್ಕೂವರೆಗೆ ಇಳಿಸಿದರು. ಅದೇ ವಾರ ದನಿ ಬಿಚ್ಚಿಕೊಂಡಿತು. ನಿಮ್ಮ ಮಗುವಿಗೆ ಮೇಲಿನ ಸ್ವರ ಕಷ್ಟವಾಗುತ್ತಿದ್ದರೆ, ಅದನ್ನು ಬೈಯುವ ಮೊದಲು ಶ್ರುತಿ ನೋಡಿ. ಹುಡುಗರಿಗಂತೂ ಹರೆಯದಲ್ಲಿ ದನಿ ಒಡೆದು ಶ್ರುತಿ ತುಂಬಾ ಕೆಳಗೆ ಬರುತ್ತದೆ. ಆಗ ಹಳೆಯ ಶ್ರುತಿಯಲ್ಲೇ ಹಾಡಿಸಬಾರದು.

ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಕೆಳಗಿನ ಪ, ನಡುವಿನ ಎರಡೂ ಸ, ಕೊನೆಯದು ಕೆಳಗಿನ ಸ. ತಂತಿಗಳು ಒರಗಿ ಹಾದುಹೋಗುವ ತುಂಡಿಗೆ ಕುದುರೆ ಅನ್ನುತ್ತಾರೆ. ಅದರ ಮೇಲೆ, ತಂತಿಯ ಅಡಿಯಲ್ಲಿ ಒಂದು ಸಣ್ಣ ಹತ್ತಿ ದಾರ ಸಿಕ್ಕಿಸಿರುತ್ತಾರೆ. ಆ ದಾರಕ್ಕೆ ಜೀವ ಅಂತಲೇ ಹೆಸರು. ದಾರವನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿ ನೋಡಿ. ಒಂದು ಜಾಗದಲ್ಲಿ ತಂತಿ ಸುಮ್ನೆ ಟಣ್ ಅನ್ನುವುದು ಬಿಟ್ಟು ಝೇಂಕರಿಸತೊಡಗುತ್ತದೆ. ಒಂದೇ ತಂತಿಯೊಳಗಿಂದ ಬೇರೆ ಬೇರೆ ಸ್ವರಗಳು ಎದ್ದು ಬರುವುದು ಕೇಳುತ್ತದೆ. ಸಿಕ್ಕಿದರೆ ನಿಜವಾದ ತಂಬೂರಿಯ ಪಕ್ಕ ಒಮ್ಮೆಯಾದರೂ ಕೂರಿ. ದಿನದ ಅಭ್ಯಾಸಕ್ಕೆ ಎಲೆಕ್ಟ್ರಾನಿಕ್ ತಂಬೂರಿ ಅಥವಾ ಆ್ಯಪ್ ಸಾಕು. ಆದರೆ ಫೋನಿನ ಸಣ್ಣ ಸ್ಪೀಕರಿನಲ್ಲಿ ಕೆಳಗಿನ ತಂತಿಗಳು ಸರಿಯಾಗಿ ಕೇಳುವುದಿಲ್ಲ. ಒಂದು ಸ್ಪೀಕರ್ ಸಿಕ್ಕಿಸಿ, ಇಲ್ಲವೇ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಳ್ಳಿ. ಇನ್ನೊಂದು ಕಿವಿ ನಿಮ್ಮ ದನಿಗೆ ಬೇಕು.

ಮೊದಲ ವಾರದ ಕೆಲಸ ಇಷ್ಟೇ. ದಿನಾ ಬೆಳಿಗ್ಗೆ ಹತ್ತು ನಿಮಿಷ ತಂಬೂರಿ ಹಾಕಿ. ಎರಡು ನಿಮಿಷ ಹಾಡದೆ ಕೇಳಿ. ಆಮೇಲೆ ಒಂದೇ ಉಸಿರಿನಲ್ಲಿ ಉದ್ದವಾಗಿ ಸಾ ಹಿಡಿಯಿರಿ. ನಿಮ್ಮ ದನಿ ತಂಬೂರಿಗಿಂತ ಕೂದಲೆಳೆ ಮೇಲೋ ಕೆಳಗೋ ಇದ್ದರೆ ವೋಂ ವೋಂ ಅಂತ ಒಂದು ಅಲೆ ಏಳುತ್ತದೆ. ದನಿ ಹತ್ತಿರ ಬಂದ ಹಾಗೆ ಅಲೆ ನಿಧಾನವಾಗುತ್ತದೆ. ಪೂರ್ತಿ ಸೇರಿದಾಗ ನಿಂತೇ ಹೋಗುತ್ತದೆ. ಸ ನಿಂತ ಮೇಲೆ ಪ, ಆಮೇಲೆ ಮೇಲಿನ ಸ. ಈ ಮೂರರ ನಂಟು ಲೆಕ್ಕದ್ದೇ. ನಿಮ್ಮ ಸ ಸೆಕೆಂಡಿಗೆ 200 ಸಲ ಕಂಪಿಸಿದರೆ ಪ 300 ಸಲ, ಮೇಲಿನ ಸ 400 ಸಲ. ಅದಕ್ಕೇ ಈ ಮೂರೂ ಕಿವಿಗೆ ಒಂದೇ ಮನೆಯವರ ಹಾಗೆ ಕೇಳುವುದು.

ನಮ್ಮ ಬ್ಯಾಂಕಿನ ಸಾರ್‌ಗೆ ಇದು ಬರಲು ಆರು ವಾರ ಹಿಡಿಯಿತು. ಒಂದು ಸಂಜೆ ಸಾ ಹಿಡಿದವರು ಥಟ್ಟನೆ ನಿಲ್ಲಿಸಿ, "ತಂಬೂರಿ ನಿಂತೋಯ್ತಾ ಮೇಡಂ?" ಅಂದರು. ನಿಂತಿರಲಿಲ್ಲ. ಅವರ ದನಿ ಅದರೊಳಗೆ ಸೇರಿಹೋಗಿತ್ತು. ಶ್ರುತಿ ಸೇರುವುದು ಅಂದರೆ ಅದು. ನೋಟ್‌ಬುಕ್ಕಿನ ಆ ಸಾಲು ಅವತ್ತು ಅವರದಾಯಿತು.

ಎರಡನೆಯದು: ಏಳು ಹೆಸರು, ಹನ್ನೆರಡು ಜಾಗ

ಸ್ವರಗಳು ಏಳು. ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ. ಹಾಡುವಾಗ ಸ, ರಿ, ಗ, ಮ, ಪ, ದ, ನಿ. ಇಲ್ಲಿ ಹೊಸಬರಿಗೆ ಗೊಂದಲ ಆಗುವುದು ಒಂದೇ ವಿಷಯದಲ್ಲಿ. ಹೆಸರು ಏಳೇ ಆದರೂ ಅವು ಕೂರುವ ಜಾಗ ಹನ್ನೆರಡು. ಆ ಜಾಗಕ್ಕೆ ಸ್ವರಸ್ಥಾನ ಅನ್ನುತ್ತಾರೆ.

ಸ ಮತ್ತು ಪ ಕದಲುವುದಿಲ್ಲ, ಒಂದೊಂದೇ ಜಾಗ. ಮಕ್ಕೆ ಎರಡು ಜಾಗ: ಶುದ್ಧ ಮಧ್ಯಮ, ಪ್ರತಿ ಮಧ್ಯಮ. ರಿಷಭದಲ್ಲಿ ಶುದ್ಧ, ಚತುಶ್ರುತಿ. ಗಾಂಧಾರದಲ್ಲಿ ಸಾಧಾರಣ, ಅಂತರ. ಧೈವತದಲ್ಲಿ ಮತ್ತೆ ಶುದ್ಧ, ಚತುಶ್ರುತಿ. ನಿಷಾದದಲ್ಲಿ ಕೈಶಿಕಿ, ಕಾಕಲಿ. ಎಣಿಸಿ ನೋಡಿ, ಹನ್ನೆರಡು ಆಯಿತು. ಪುಸ್ತಕದಲ್ಲಿ 16 ಹೆಸರು ಕಂಡರೆ ಗಾಬರಿ ಬೇಡ. ಷಟ್‌ಶ್ರುತಿ ರಿಷಭ, ಶುದ್ಧ ಗಾಂಧಾರ ಇಂಥ ನಾಲ್ಕು ಹೆಸರುಗಳು ಈ ಹನ್ನೆರಡರಲ್ಲೇ ಕೆಲವು ಜಾಗಗಳಿಗೆ ಇರುವ ಇನ್ನೊಂದು ಹೆಸರು. ಮೊದಲ ವರ್ಷ ಅವು ನಿಮಗೆ ಬೇಡ.

ಮನೆಯಲ್ಲಿ ಕೀಬೋರ್ಡ್ ಇದ್ದರೆ ಕಣ್ಣಿಗೆ ಕಾಣುವ ಹಾಗೆ ಮಾಡಿಕೊಳ್ಳಬಹುದು. ನಿಮ್ಮ ಸ ಇರುವ ಮನೆಯನ್ನು 1 ಅಂತ ಇಟ್ಟುಕೊಂಡು ಬಿಳಿ, ಕರಿ ಎರಡನ್ನೂ ಸೇರಿಸಿ ಸಾಲಾಗಿ ಎಣಿಸಿ. (ಶ್ರುತಿಯ ಲೆಕ್ಕವೇ ಬೇರೆ, ಇದೇ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ.) ಸ 1, ರಿ 2, ಗ 5, ಮ 6, ಪ 8, ದ 9, ನಿ 12, ಮೇಲಿನ ಸ 13. ಇವನ್ನು ಒಂದೊಂದಾಗಿ ಒತ್ತಿದರೆ ಮಾಯಾಮಾಳವಗೌಳ ರಾಗದ ಸ್ವರಗಳು ಕೇಳುತ್ತವೆ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ.

ಎಲ್ಲರಿಗೂ ಮೊದಲ ಪಾಠ ಈ ರಾಗದಲ್ಲೇ. ಈ ಪದ್ಧತಿಯನ್ನು ಹಾಕಿಕೊಟ್ಟವರು ಪುರಂದರದಾಸರು ಅನ್ನುವುದು ಪರಂಪರೆಯ ಮಾತು. ಅವರು 1564ರ ತನಕ ಇದ್ದವರು. ಕರ್ನಾಟಕ ಸಂಗೀತ ಪಿತಾಮಹ ಅನ್ನುವ ಹೆಸರು ಅವರಿಗೆ ಬಂದಿದೆ. ಈ ರಾಗವೇ ಯಾಕೆ ಅನ್ನುವುದು ಮೇಲಿನ ಎಣಿಕೆಯಲ್ಲೇ ಕಾಣುತ್ತದೆ. ಸದಿಂದ ರಿಗೆ ಒಂದು ಹೆಜ್ಜೆ, ರಿಯಿಂದ ಗಕ್ಕೆ ಮೂರು ಹೆಜ್ಜೆ, ಗದಿಂದ ಮಕ್ಕೆ ಮತ್ತೆ ಒಂದು. ಪದಿಂದ ಮೇಲಕ್ಕೂ ಅದೇ ಲೆಕ್ಕ: ಒಂದು, ಮೂರು, ಒಂದು. ಹತ್ತಿರದ ಸ್ವರಗಳು ತೀರಾ ಹತ್ತಿರ, ದೂರದವು ಎದ್ದು ಕಾಣುವಷ್ಟು ದೂರ. ಕಿವಿಗೆ ವ್ಯತ್ಯಾಸ ಬೇಗ ಸಿಗುತ್ತದೆ. ಕೆಳಗಿನ ಅರ್ಧ ಕಲಿತರೆ ಮೇಲಿನ ಅರ್ಧವೂ ಕಲಿತ ಹಾಗೆ. ನನಗಂತೂ ಪಾಠದ ಈ ಜಾಣತನ ಪ್ರತಿ ಹೊಸ ಮಗುವಿನ ಮುಂದೆ ಕೂತಾಗಲೂ ಹೊಸದಾಗಿಯೇ ಕಾಣುತ್ತದೆ.

ಇನ್ನು ಸ್ಥಾಯಿ. ಸದಿಂದ ನಿ ತನಕ ಒಂದು ಸ್ಥಾಯಿ. ಮಾಮೂಲು ಎತ್ತರದ್ದು ಮಧ್ಯ, ಕೆಳಗಿನದು ಮಂದ್ರ, ಮೇಲಿನದು ತಾರ. ಪುಸ್ತಕದಲ್ಲಿ ಅಕ್ಷರದ ಮೇಲೆ ಚುಕ್ಕೆ ಇದ್ದರೆ ತಾರ, ಕೆಳಗೆ ಇದ್ದರೆ ಮಂದ್ರ. ಚುಕ್ಕೆ ಇಲ್ಲದಿದ್ದರೆ ಮಧ್ಯ.

ಮೂರನೆಯದು: ಕೈಗೆ ತಾಳ

ಲಯ ಬೇರೆ, ತಾಳ ಬೇರೆ. ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದು ಕೇಳಿದ್ದೀರಲ್ವಾ? ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದೇ ಅಂತರ ಇರುತ್ತದೆ. ಆ ಸಮನಾದ ಓಟ ಲಯ. ಆ ಓಟವನ್ನು ಎಂಟಕ್ಕೆ ಒಂದು ಸುತ್ತು, ಆರಕ್ಕೆ ಒಂದು ಸುತ್ತು ಅಂತ ಕೈಯಲ್ಲಿ ಎಣಿಸುವುದು ತಾಳ. ಒಂದು ಎಣಿಕೆಗೆ ಅಕ್ಷರ ಅಂತ ಹೆಸರು. ಒಂದು ಪೂರ್ತಿ ಸುತ್ತಿಗೆ ಆವರ್ತ.

ಆದಿ ತಾಳದಿಂದ ಶುರು ಮಾಡಿ. ಎಂಟು ಅಕ್ಷರ. ಚಕ್ಕಳಮಕ್ಕಳ ಹಾಕಿ ಕೂರಿ. ಬಲಗೈಯನ್ನು ಬಲತೊಡೆಯ ಮೇಲೆ ಇಡಿ.

ಒಂದು: ಅಂಗೈಯಿಂದ ತೊಡೆಗೆ ತಟ್ಟಿ. ಇದು ಘಾತ.
ಎರಡು: ಕಿರುಬೆರಳು.
ಮೂರು: ಉಂಗುರದ ಬೆರಳು.
ನಾಲ್ಕು: ನಡುಬೆರಳು.
ಐದು: ತಟ್ಟಿ.
ಆರು: ಕೈ ತಿರುಗಿಸಿ. ಇದಕ್ಕೆ ಹುಸಿ ಅನ್ನುತ್ತಾರೆ.
ಏಳು: ತಟ್ಟಿ.
ಎಂಟು: ಹುಸಿ.

ಮೊದಲ ನಾಲ್ಕು ಎಣಿಕೆಯ ತುಂಡು ಲಘು. ಆಮೇಲಿನ ಎರಡೆರಡರ ತುಂಡುಗಳು ದ್ರುತ. ಅಂದರೆ ಆದಿ ತಾಳ ಅಂದರೆ ಒಂದು ಲಘು, ಎರಡು ದ್ರುತ. ಬರೇ ಒಂದು ತಟ್ಟಿನದು ಅನುದ್ರುತ. ಲಘು ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಮೂರು ಎಣಿಕೆಯಾದರೆ ತಿಶ್ರ ಜಾತಿ, ನಾಲ್ಕು ಚತುರಶ್ರ, ಐದು ಖಂಡ, ಏಳು ಮಿಶ್ರ, ಒಂಬತ್ತು ಸಂಕೀರ್ಣ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಅಂತ ಏಳು ತಾಳ, ಒಂದೊಂದಕ್ಕೂ ಐದು ಜಾತಿ, ಒಟ್ಟು 35. ಪರೀಕ್ಷೆಗೆ ಕೂರುವ ತನಕ ಇಷ್ಟು ಗೊತ್ತಿದ್ದರೆ ಸಾಕು.

ತಾಳ ಹಾಕುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಸ್ವರ ಕಷ್ಟವಾದ ಕಡೆ ಕೈ ಕಾಯುತ್ತದೆ, ಸುಲಭವಾದ ಕಡೆ ಓಡುತ್ತದೆ. ಕೈ ಬಾಯಿಗಾಗಿ ಕಾಯಬಾರದು. ಅದಕ್ಕೇ ಹಾಡದೆ, ಬರೀ ಕೈಯಲ್ಲಿ ಒಂದು ವಾರ ಆದಿ ತಾಳ ಹಾಕಿ. ರೇಡಿಯೊದಲ್ಲಿ ವಾರ್ತೆ ಬರುತ್ತಿರುವಾಗ ಹಾಕಿ, ಮನೆಯವರ ಜೊತೆ ಮಾತಾಡುತ್ತಾ ಹಾಕಿ. ಮಾತು ನಿಂತರೂ ಕೈ ನಿಲ್ಲಬಾರದು. ನನ್ನ ಗುರುಗಳು ಸಾರಿಗೆ ಒಗ್ಗರಣೆ ಹಾಕುತ್ತಾ ಒಳಗಿನಿಂದಲೇ, "ಏನೇ, ಆರನೇದು ಎಲ್ಲಿ ಹೋಯ್ತು?" ಅಂತ ಕೇಳುತ್ತಿದ್ದರು. ನನ್ನ ಹುಸಿಗೆ ಸದ್ದೇ ಇಲ್ಲ, ಅವರಿಗೆ ಹೇಗೆ ಗೊತ್ತಾಗುತ್ತಿತ್ತು ಅಂತ ಆಗ ಆಶ್ಚರ್ಯ. ಏಳನೆಯ ತಟ್ಟು ಬೇಗ ಬಿದ್ದಾಗ ಆರನೆಯದನ್ನು ಕದ್ದಿದ್ದೀನಿ ಅಂತ ಅವರಿಗೆ ತಿಳಿಯುತ್ತಿತ್ತು.

ನಾಲ್ಕನೆಯದು: ಸರಳೆ ವರಸೆ ಮತ್ತು ಮೂರು ಕಾಲ

ಈಗ ಶ್ರುತಿ, ಸ್ವರ, ತಾಳ ಮೂರೂ ಒಂದೇ ಕಡೆ ಸೇರುತ್ತವೆ. ಪುಸ್ತಕದಲ್ಲಿ ಮೊದಲ ಸರಳೆ ವರಸೆ ಹೀಗಿರುತ್ತದೆ.

ಸ ರಿ ಗ ಮ | ಪ ದ | ನಿ ಸ ||
ಸ ನಿ ದ ಪ | ಮ ಗ | ರಿ ಸ ||

ಒಂದು ಗೆರೆ ಬಂದರೆ ತಾಳದ ಒಂದು ತುಂಡು ಮುಗಿಯಿತು ಅಂತ. ಎರಡು ಗೆರೆ ಬಂದರೆ ಆವರ್ತ ಮುಗಿಯಿತು. ಮೊದಲ ನಾಲ್ಕು ಸ್ವರ ಲಘುವಿಗೆ, ಆಮೇಲಿನ ಎರಡೆರಡು ದ್ರುತಗಳಿಗೆ. ಕೈಯನ್ನೂ ಸಾಲನ್ನೂ ಒಟ್ಟಿಗೆ ನೋಡಿದರೆ ತಾನಾಗಿ ಹೊಂದಿಕೊಳ್ಳುತ್ತದೆ. ಸಾ ಅಂತ ದೀರ್ಘ ಬರೆದಿದ್ದರೆ ಎರಡು ಅಕ್ಷರ ಹಿಡಿಯಬೇಕು. ಅಲ್ಪವಿರಾಮ ಇದ್ದರೆ ಹಿಂದಿನ ಸ್ವರವನ್ನೇ ಒಂದು ಅಕ್ಷರ ಎಳೆಯಬೇಕು, ಅರ್ಧವಿರಾಮ ಇದ್ದರೆ ಎರಡು.

ಇದನ್ನು ಮೂರು ಕಾಲದಲ್ಲಿ ಹಾಡಬೇಕು. ಒಂದನೇ ಕಾಲದಲ್ಲಿ ಒಂದು ಅಕ್ಷರಕ್ಕೆ ಒಂದು ಸ್ವರ. ಎರಡನೇ ಕಾಲದಲ್ಲಿ ಎರಡು. ಮೂರನೇ ಕಾಲದಲ್ಲಿ ನಾಲ್ಕು. ಕೈಯ ವೇಗ ಬದಲಾಗುವುದೇ ಇಲ್ಲ. ಇದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೂ ತಪ್ಪಿಲ್ಲ. ಒಂದನೇ ಕಾಲದಲ್ಲಿ ಹತ್ತಲು ಒಂದು ಆವರ್ತ, ಇಳಿಯಲು ಒಂದು. ಎರಡನೇ ಕಾಲದಲ್ಲಿ ಹತ್ತಿ ಇಳಿಯುವುದು ಒಂದೇ ಆವರ್ತದಲ್ಲಿ. ಮೂರನೇ ಕಾಲದಲ್ಲಿ ಒಂದು ಆವರ್ತಕ್ಕೆ ಎರಡು ಸಲ ಹತ್ತಿ ಇಳಿಯುತ್ತೀರಿ. ಮೂರನೇ ಕಾಲ ಬಾಯಿಗೆ ಸಿಗದಿದ್ದರೆ ಕೈ ಓಡಿಸಬೇಡಿ. ಒಂದನೇ ಕಾಲವನ್ನೇ ಇನ್ನೂ ನಿಧಾನ ಮಾಡಿ, ಅದಕ್ಕೆ ತಕ್ಕ ಹಾಗೆ ಮೂರನೆಯದೂ ಕೈಗೆಟುಕುತ್ತದೆ.

ಸ್ವರದ ಹೆಸರಿನಲ್ಲಿ ಹಾಡಿದ್ದನ್ನೇ ಆ ಅಂತ ಬಾಯಿ ಬಿಟ್ಟು ಹಾಡುವುದು ಅಕಾರ. ಅದನ್ನೂ ಮಾಡಿ. ಹೆಸರು ಹೇಳುವಾಗ ಮುಚ್ಚಿಹೋಗುವ ಅಪಶ್ರುತಿ ಅಕಾರದಲ್ಲಿ ಬಯಲಿಗೆ ಬರುತ್ತದೆ.

ಸರಳೆ ಆದ ಮೇಲೆ ಜಂಟಿ ವರಸೆ. ಸಸ ರಿರಿ ಗಗ ಮಮ ಅಂತ ಜೋಡಿ ಜೋಡಿಯಾಗಿ, ಎರಡನೆಯದಕ್ಕೆ ಒತ್ತು ಕೊಟ್ಟು. ದಾಟು ವರಸೆಯಲ್ಲಿ ನಡುವಿನ ಸ್ವರ ಬಿಟ್ಟು ಹಾರುವುದು. ಅಲಂಕಾರದಲ್ಲಿ ಏಳು ತಾಳಗಳಲ್ಲೂ ಸ್ವರಗಳನ್ನು ಕೂರಿಸುವುದು. ದಿನಾ ಅರ್ಧ ಗಂಟೆ ಕೂತರೆ ಇಷ್ಟಕ್ಕೆ ಎಂಟು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಅನ್ನುವುದು ನನ್ನ ಅನುಭವ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು. ಗಂಟಲು ನೆನಪಿಟ್ಟುಕೊಳ್ಳುವುದು ನಿತ್ಯ ಮಾಡಿದ್ದನ್ನೇ.

ಐದನೆಯದು: ರಾಗ ಅಂದರೇನು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮೇಲಕ್ಕೆ ಹತ್ತುವ ಸ್ವರಗಳ ಸಾಲು ಆರೋಹಣ, ಇಳಿಯುವ ಸಾಲು ಅವರೋಹಣ. ಎರಡೂ ಗೊತ್ತಾದರೆ ರಾಗ ಗೊತ್ತಾಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅದು ರಾಗದ ವಿಳಾಸ ಮಾತ್ರ. ಒಳಗೆ ಹೋಗಿ ಮಾತಾಡಿಸಬೇಕು.

ಕೀಬೋರ್ಡಿನ ಮುಂದೆ ಮತ್ತೆ ಕೂರಿ. ಹಿಂದಿನ ಹಾಗೆಯೇ ಎಣಿಸಿ 1, 3, 5, 8, 10, 13 ಒತ್ತಿ. ಸ ರಿ ಗ ಪ ದ ಸ. ಇದು ಮೋಹನ. ಈಗ 10ರ ಬದಲು 12 ಒತ್ತಿ. ಸ ರಿ ಗ ಪ ನಿ ಸ. ಇದು ಹಂಸಧ್ವನಿ. ಬದಲಾದದ್ದು ಒಂದೇ ಸ್ವರ, ದ ಹೋಗಿ ನಿ ಬಂತು. ಆದರೆ ಮುಖವೇ ಬೇರೆ ಆಯಿತು. ‘ವಾತಾಪಿ ಗಣಪತಿಂ’ ಎಲ್ಲೋ ಒಂದು ಕಡೆ ಕೇಳಿಯೇ ಇರುತ್ತೀರಿ, ಅದು ಹಂಸಧ್ವನಿ. ಹೊಸಬರಿಗೆ ಕಲಿಸುವ ‘ವರವೀಣಾ’ ಗೀತೆ ಮೋಹನ. ಎರಡನ್ನೂ ಒಂದಾದ ಮೇಲೆ ಒಂದು ಕೇಳಿ.

ಇನ್ನೊಂದು ಮಾತು, ಸ್ವರವನ್ನು ಹೇಗೆ ಹಾಡಬೇಕು ಅನ್ನುವುದು. ಸ್ವರವನ್ನು ತೂಗುವುದು, ಜಾರಿಸುವುದು, ಒತ್ತುವುದು, ಇದಕ್ಕೆಲ್ಲ ಒಟ್ಟು ಹೆಸರು ಗಮಕ. ತೋಡಿ ರಾಗದ ಗಾಂಧಾರವನ್ನು ಕೀಬೋರ್ಡಿನಲ್ಲಿ ಒಂದು ಮನೆ ಒತ್ತಿ ಹಿಡಿದರೆ ತೋಡಿ ಕೇಳುವುದಿಲ್ಲ. ಆ ಗ ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ, ರಿ ಕಡೆಗೂ ಮ ಕಡೆಗೂ ತೂಗಾಡುತ್ತದೆ. ಆ ತೂಗಾಟವೇ ತೋಡಿ. ಪುಸ್ತಕದಲ್ಲಿ ಬರೆದಿರುವುದು ‘ಗ’ ಒಂದೇ ಅಕ್ಷರ. ಅದಕ್ಕೇ ಹಿರಿಯರು ಪಾಠವನ್ನು ಬಾಯಿಂದ ಬಾಯಿಗೆ ಹೇಳಿಕೊಡುವುದು, ಅದಕ್ಕೇ ನಾನು ಪುಸ್ತಕ ಮಡಿಚಿಡಿ ಅಂತ ಪದೇ ಪದೇ ಹೇಳುವುದು. ವೀಣೆ ನುಡಿಸುವವರ ಎಡಗೈಯನ್ನು ಹತ್ತಿರದಿಂದ ನೋಡಿ. ಬೆರಳು ಮೆಟ್ಟಿಲಿನ ಮೇಲೆಯೇ ಇರುತ್ತದೆ, ತಂತಿಯನ್ನು ಪಕ್ಕಕ್ಕೆ ಎಳೆದು ಬಿಡುತ್ತದೆ. ಗಮಕ ಕಣ್ಣಿಗೆ ಕಾಣುವುದು ಅಲ್ಲಿ.

ರಾಗಗಳ ಲೆಕ್ಕ ಕೇಳುವವರಿಗೆ: ಏಳೂ ಸ್ವರ ಕ್ರಮವಾಗಿ ಇರುವ ತಾಯಿ ರಾಗಗಳು ಮೇಳಕರ್ತ, ಅವು 72. ಈ ಲೆಕ್ಕ ಹಾಕಿಕೊಟ್ಟವರು 17ನೇ ಶತಮಾನದಲ್ಲಿ ತಂಜಾವೂರಿನಲ್ಲಿದ್ದ ವೆಂಕಟಮಖಿ. ಮೊದಲ 36ರಲ್ಲಿ ಶುದ್ಧ ಮಧ್ಯಮ, ಮುಂದಿನ 36ರಲ್ಲಿ ಪ್ರತಿ ಮಧ್ಯಮ. ಅವುಗಳಿಂದ ಹುಟ್ಟಿದವು ಜನ್ಯ ರಾಗಗಳು. ಹೆಸರಿನಲ್ಲೇ ನಂಬರ್ ಅಡಗಿರುವುದು ನನಗೆ ತುಂಬಾ ಇಷ್ಟ. ಮಾಯಾಮಾಳವಗೌಳದ ಮೊದಲ ಎರಡು ಅಕ್ಷರ ಮಾ, ಯಾ. ಪ ಫ ಬ ಭ ಮ, ಮ ಐದನೆಯದು. ಯ ರ ಲ ವ, ಯ ಒಂದನೆಯದು. 5, 1. ತಿರುಗಿಸಿ ಓದಿದರೆ 15. ಅದು 15ನೇ ಮೇಳ. ಕಟಪಯಾದಿ ಅನ್ನುವ ಹಳೆಯ ಲೆಕ್ಕ ಇದು. ಧೀರಶಂಕರಾಭರಣವನ್ನು ನೀವೇ ಮಾಡಿ ನೋಡಿ. ತ ಥ ದ ಧ ಅಂತಲ್ಲ, ಟ ಠ ಡ ಢ ಣ ದಿಂದಲೇ ಎಣಿಸಿಕೊಂಡು ಬನ್ನಿ. ಧ ಒಂಬತ್ತು, ರ ಎರಡು. ಉತ್ತರ 29 ಬರಬೇಕು.

ಆರನೆಯದು: ಮೊದಲ ಗೀತೆ

ಸಾಹಿತ್ಯ ಇರುವ ಮೊದಲ ಹಾಡು ಗೀತೆ. ಪುರಂದರದಾಸರ ಪಿಳ್ಳಾರಿ ಗೀತೆಗಳು ಅನ್ನುವ ಸರಳ ಹಾಡುಗಳಿಂದ ಶುರುವಾಗುತ್ತದೆ, ರಾಗ ಮಲಹರಿ. ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ದ ಪ ಮ ಗ ರಿ ಸ. ನಿ ಇಲ್ಲವೇ ಇಲ್ಲ. ಗ ಇಳಿಯುವಾಗ ಮಾತ್ರ. ಇದು 15ನೇ ಮೇಳದಿಂದಲೇ ಹುಟ್ಟಿದ ರಾಗ, ಹಾಗಾಗಿ ಇದರ ಒಂದೊಂದು ಸ್ವರವೂ ನೀವು ಒಂದು ವರ್ಷದಿಂದ ಹಾಡುತ್ತಿರುವುದೇ. ಹೊಸದೇನೂ ಕಲಿಯಬೇಕಿಲ್ಲ, ಕೆಲವನ್ನು ಬಿಡಲು ಕಲಿಯಬೇಕು, ಅಷ್ಟೇ.

ಮೊದಲ ಸಾಲು ನೋಡಿ. ತಾಳ ರೂಪಕ, ಮೊದಲು ಎರಡರ ದ್ರುತ, ಆಮೇಲೆ ನಾಲ್ಕರ ಲಘು.

ಮ ಪ | ದ ಸ ಸ ರಿ ||
ಶ್ರೀ , | ಗ ಣ ನಾ ಥ ||

ಇಲ್ಲಿ ಸ ಮತ್ತು ರಿ ತಾರದ್ದು. ಮೇಲಿನ ಸಾಲಿಗೆ ಧಾತು, ಕೆಳಗಿನದಕ್ಕೆ ಮಾತು ಅಂತ ಹೆಸರು. ಮೊದಲು ಧಾತು ಹಾಡಿ ಬಾಯಿಗೆ ಬಂದ ಮೇಲೆ ಮಾತು. ನೋಡಿ, ಶ್ರೀ ಅನ್ನುವ ಒಂದೇ ಅಕ್ಷರ ಮ ಪ ಎರಡು ಸ್ವರದ ಮೇಲೆ ನಡೆಯುತ್ತದೆ. ಮಕ್ಕಳು ಇಲ್ಲಿ ಶ್ರೀ ಅಂತ ಮದಲ್ಲೇ ನಿಂತುಬಿಡುತ್ತಾರೆ, ಪ ಮರೆಯುತ್ತಾರೆ. ಮಾತು ಹಾಡುವಾಗಲೂ ಒಳಗೆ ಧಾತು ಓಡುತ್ತಿರಬೇಕು. ಇದೇ ರಾಗದಲ್ಲಿ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಕೂಡ ಬರುತ್ತದೆ, ತಾಳ ತ್ರಿಪುಟ, ಏಳು ಅಕ್ಷರ.

ಗೀತೆ ಆದ ಮೇಲೆ ಜತಿಸ್ವರ, ಸ್ವರಜತಿ, ವರ್ಣ ಅನ್ನುವ, ಒಂದಕ್ಕಿಂತ ಒಂದು ಕಷ್ಟದ ರಚನೆಗಳು, ಆಮೇಲೆ ಕೃತಿ. ಕೃತಿಯಲ್ಲಿ ಮೊದಲ ಭಾಗ ಪಲ್ಲವಿ, ಮತ್ತೆ ಮತ್ತೆ ಅಲ್ಲಿಗೇ ಮರಳುತ್ತೇವೆ. ಎರಡನೆಯದು ಅನುಪಲ್ಲವಿ, ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ. ಮೂರನೆಯದು ಚರಣ.

ಧಾರವಾಡ, ಹುಬ್ಬಳ್ಳಿ, ಗದಗದ ಕಡೆಯವರು ಬಹುಶಃ ಹಿಂದೂಸ್ತಾನಿ ಕಲಿಯುತ್ತೀರಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಸೀಮೆ ಅದು. ಹನ್ನೆರಡು ಜಾಗ ಅಲ್ಲೂ ಅವೇ, ಹೆಸರು ಮಾತ್ರ ಬೇರೆ. ಶುದ್ಧ ರಿಷಭ ಅಲ್ಲಿ ಕೋಮಲ ರೇ, ಪ್ರತಿ ಮಧ್ಯಮ ಅಲ್ಲಿ ತೀವ್ರ ಮ. ‘ಶುದ್ಧ’ ಅನ್ನುವ ಮಾತಿಗೆ ಎರಡು ಕಡೆ ಬೇರೆ ಬೇರೆ ಅರ್ಥ, ಅದನ್ನು ಮಾತ್ರ ಎಚ್ಚರದಿಂದ ನೋಡಿಕೊಳ್ಳಿ. ತಾಳದ ಅಕ್ಷರಕ್ಕೆ ಅಲ್ಲಿ ಮಾತ್ರೆ ಅನ್ನುತ್ತಾರೆ. ಮೋಹನದ ಸ್ವರಗಳು ಅಲ್ಲಿ ಭೂಪ್, ನಮ್ಮ ಹಿಂದೋಳ ಅಲ್ಲಿ ಮಾಲಕಂಸ್. ಸ್ವರ ಒಂದೇ ಆದರೂ ನಡೆ ಬೇರೆ.

ಏಳನೆಯದು: ಕಚೇರಿಗೆ ಹೋಗಿ

ಮೂರು ತಿಂಗಳು ಕಲಿತಿದ್ದರೂ ಸಾಕು, ಕಚೇರಿಗೆ ಹೋಗಿ. ಬೆಂಗಳೂರಿನವರಾದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ ರಾಮನವಮಿ ಕಚೇರಿಗಳಿವೆ. ಹಾಸನ ಜಿಲ್ಲೆಯ ಕಡೆ ಹೋದರೆ ರುದ್ರಪಟ್ಟಣ ನೋಡಿ ಬನ್ನಿ. ಕಾವೇರಿ ದಡದ ಆ ಊರು ಎಷ್ಟೋ ವಿದ್ವಾಂಸರ ತವರು. ಏಳು ಸ್ವರಗಳಿಗೂ ಒಂದೊಂದು ಮೂರ್ತಿ ಇಟ್ಟ ಗುಡಿ ಅಲ್ಲಿದೆ, ಕಟ್ಟಡವೇ ತಂಬೂರಿಯ ಆಕಾರದಲ್ಲಿದೆ.

ಕಚೇರಿ ಸಾಮಾನ್ಯವಾಗಿ ವರ್ಣದಿಂದ ಶುರುವಾಗುತ್ತದೆ. ಹಾಡುಗಾರರ ಪಕ್ಕ ಪಿಟೀಲು, ಮೃದಂಗ ಇರುತ್ತವೆ, ಕೆಲವು ಸಲ ಘಟ, ಖಂಜಿರ, ಮೋರ್ಚಿಂಗ್. ಇವು ಪಕ್ಕವಾದ್ಯ. ಸಾಹಿತ್ಯ, ತಾಳ ಇಲ್ಲದೆ ರಾಗವನ್ನು ಬಿಡಿಸುತ್ತಾ ಹೋದರೆ ಅದು ಆಲಾಪನೆ. ಸಾಹಿತ್ಯದ ಒಂದೇ ಸಾಲನ್ನು ತಾಳದೊಳಗೆ ಬೇರೆ ಬೇರೆ ಥರ ಹಾಡಿದರೆ ನೆರವಲ್. ಅಲ್ಲೇ ಹೊಳೆದ ಸ್ವರಗಳನ್ನು ಹಾಡಿ ಮತ್ತೆ ಆ ಸಾಲಿಗೆ ಬಂದು ಸೇರಿದರೆ ಕಲ್ಪನಾಸ್ವರ. ಹಾಡು ಆವರ್ತದೊಳಗೆ ಎಲ್ಲಿ ಎತ್ತಿಕೊಳ್ಳುತ್ತದೋ ಆ ಜಾಗ ಎಡುಪ್ಪು. ಕೆಲವು ಹಾಡುಗಳು ತಟ್ಟಿನ ಜೊತೆಗೇ ಶುರುವಾಗುತ್ತವೆ, ಕೆಲವು ತಟ್ಟಿದ ಮೇಲೆ ಸ್ವಲ್ಪ ಬಿಟ್ಟು.

ಆದಷ್ಟು ಮುಂದೆ ಕೂತು ಕೈಯಲ್ಲಿ ತಾಳ ಹಾಕಿ. ಪಕ್ಕದವರಿಗೆ ತೊಂದರೆ ಆಗದ ಹಾಗೆ, ತೊಡೆಯ ಮೇಲೆ ಮೆತ್ತಗೆ. ತಪ್ಪಿದರೆ ಹಾಡುಗಾರರ ಕೈ ನೋಡಿ ಮತ್ತೆ ಸೇರಿಕೊಳ್ಳಿ. ಮುಖ್ಯ ಕೃತಿ ಆದ ಮೇಲೆ ಹಾಡು ನಿಂತು ಮೃದಂಗಕ್ಕೆ ಮಾತ್ರ ಬಿಡುತ್ತಾರೆ. ಅದು ತನಿ ಆವರ್ತನ. ಆಗ ತುಂಬಾ ಜನ ಕಾಫಿಗೆ ಎದ್ದು ಹೋಗುತ್ತಾರೆ. ನೀವು ಏಳಬೇಡಿ. ಮೃದಂಗ ಏನೇ ನುಡಿಸಲಿ, ನೀವು ಒಂದು, ಕಿರುಬೆರಳು, ಉಂಗುರ, ನಡುಬೆರಳು, ತಟ್ಟು, ಹುಸಿ, ತಟ್ಟು, ಹುಸಿ ಬಿಡಬೇಡಿ. ಕೊನೆಗೆ ಒಂದೇ ಮಾತನ್ನು ಮೂರು ಸಲ ನುಡಿಸಿ ಮುಕ್ತಾಯ ಮಾಡುತ್ತಾರೆ. ಅದು ಮುಗಿಯುವುದಕ್ಕೂ ಹಾಡುಗಾರರು ಪಲ್ಲವಿ ಎತ್ತಿಕೊಳ್ಳುವುದಕ್ಕೂ ಸರಿಹೋಗುತ್ತದೆ. ಆ ಕ್ಷಣಕ್ಕೆ ನಿಮ್ಮ ಕೈ ಎಲ್ಲಿದೆ ಅಂತ ನೋಡಿಕೊಳ್ಳಿ.